ಫೇಲ್ ಆಗುವುದು ಬ್ರೇಕ್ ಮಾತ್ರ

ನಮ್ಮ ರಸ್ತೆಗಳಲ್ಲಿ ಇವತ್ತಿನವರೆಗೆ ಒಬ್ಬ ಡ್ರೈವರೂ ಫೇಲ್ ಆಗಿಲ್ಲ. ಪೇಪರ್ ತೆಗೆದು ನೋಡಿ. ಗಾಡಿ ಹಳ್ಳಕ್ಕೆ ಬಿದ್ದಿರಲಿ, ಅಂಗಡಿಗೆ ನುಗ್ಗಿರಲಿ, ಕರೆಂಟ್ ಕಂಬ ತಬ್ಬಿಕೊಂಡಿರಲಿ, ಫೇಲ್ ಆಗಿರುವುದು ಬ್ರೇಕ್. ನಾವೆಲ್ಲ ಆರ್‌ಟಿಓ ಮೈದಾನದಲ್ಲಿ ಕಾಲು ಊರದೆ ಎಂಟು ಹಾಕಿ ಪಾಸಾದವರು. ಬ್ರೇಕ್ ಪಾಪ, ಓದಿದ್ದೇ ಇಲ್ಲ.

ಹೋದ ಭಾನುವಾರ ಏರಿಯಾದ ಗ್ಯಾರೇಜಿನಲ್ಲಿ ಸರದಿಗೆ ಕಾಯುತ್ತಾ ಕೂತಿದ್ದೆ. ನನಗಿಂತ ಮುಂಚೆ ಒಬ್ಬ ಹುಡುಗ ಬಂದಿದ್ದ.

"ಅಣ್ಣಾ, ಹಿಂದೆ ಬ್ರೇಕ್ ಹಿಡೀತಾನೇ ಇಲ್ಲ. ಡಬ್ಬಾ ಬ್ರೇಕ್ ಹಾಕಿ ಕಳ್ಸಿದ್ದಾರೆ."

ಮೆಕ್ಯಾನಿಕ್ ಬ್ರೇಕ್ ಕಡೆ ನೋಡಲೇ ಇಲ್ಲ. ಹಿಂದಿನ ಟೈರಿನ ಮೇಲೆ ಅಂಗೈ ಸವರಿದ. ಎರಡೂ ಅಂಚಿನಲ್ಲಿ ಗೀರುಗಳಿದ್ದವು. ನಡುವೆ ಬೋಳು, ಬಟ್ಟೆ ಒಗೆಯುವ ಕಲ್ಲಿನಷ್ಟು ನುಣ್ಣಗೆ.

"ಎಷ್ಟು ಓಡಿದೆ?"

"ನಾಲ್ಕು ಸಾವಿರ ಕಿಲೋಮೀಟರ್."

"ಅದು ಮುಂದಕ್ಕೆ ಓಡಿದ್ದು. ನಿಂತಲ್ಲೇ ಎಷ್ಟು ಓಡಿದೆ?"

ಹುಡುಗ ಹೆಮ್ಮೆಯಿಂದಲೇ ನಕ್ಕ. ಬರ್ನೌಟ್ ಅಂದರೆ ಮುಂದಿನ ಬ್ರೇಕ್ ಅದುಮಿ ಹಿಡಿದು, ಆಕ್ಸಿಲರೇಟರ್ ತಿರುಚಿ, ಕ್ಲಚ್ ಬಿಡುವುದು. ಗಾಡಿ ಕದಲುವುದಿಲ್ಲ. ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿ ಹೊಗೆ ಏಳುತ್ತದೆ. ಒಂಥರಾ ಹೋಮ. ಟೈರು ಆಹುತಿ, ಕ್ಲಚ್ ಪ್ಲೇಟ್ ದಕ್ಷಿಣೆ, 30 ಸೆಕೆಂಡಿನ ರೀಲ್ ಪ್ರಸಾದ.

ತಮಾಷೆ ಏನೆಂದರೆ, ಬೈಕಿನ ಈ ಹೋಮದಲ್ಲಿ ಹಿಂದಿನ ಬ್ರೇಕಿಗೆ ಕೆಲಸವೇ ಇಲ್ಲ. ಬೈಸಿಕೊಳ್ಳುವುದು ಮಾತ್ರ ಅದೇ. ಬ್ರೇಕ್ ನಿಲ್ಲಿಸುವುದು ಚಕ್ರವನ್ನು. ರಸ್ತೆ ಹಿಡಿದು ಗಾಡಿ ನಿಲ್ಲಿಸಬೇಕಾದ್ದು ಟೈರು. ಬೋಳು ಟೈರಿನ ಕೆಳಗೆ ನಾಲ್ಕು ಹನಿ ಮಳೆ ಬಿದ್ದರೆ ಚಕ್ರ ನಿಲ್ಲುತ್ತದೆ, ಗಾಡಿ ಜಾರುತ್ತಾ ಹೋಗುತ್ತದೆ.

ಕಾರಿನಲ್ಲಿ ಇನ್ನೂ ಚೆಂದ. ಅಪ್ಪನ ಸಣ್ಣ ಕಾರಿನಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಹಾಗಾಗಿ ಹ್ಯಾಂಡ್‌ಬ್ರೇಕ್ ಎಳೆದು ಆಕ್ಸಿಲರೇಟರ್ ಒತ್ತುತ್ತಾರೆ. ಹಿಂದಿನ ಬ್ರೇಕ್ ಹಲ್ಲು ಕಚ್ಚಿಕೊಂಡು ಇಡೀ ಕಾರನ್ನು ಹಿಡಿದಿರಬೇಕು. ಇದೇ ಅಭ್ಯಾಸವಾದರೆ ಕೇಬಲ್ ಸಡಿಲವಾಗುತ್ತದೆ. ಆಮೇಲೊಂದು ದಿನ ಅಪ್ಪ ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಸೊಪ್ಪು ಚೌಕಾಸಿ ಮಾಡುತ್ತಿದ್ದರೆ, ಕಾರು ಅವರನ್ನೇ ಹುಡುಕಿಕೊಂಡು ಬರುತ್ತದೆ.

ಎಂಜಿನ್ ಹಿಂದಿನ ಚಕ್ರ ತಿರುಗಿಸುವ ಜೀಪುಗಳಲ್ಲಿ ಒಂದು ಕಾಲು ಬ್ರೇಕ್ ಮೇಲೆ, ಇನ್ನೊಂದು ಆಕ್ಸಿಲರೇಟರ್ ಮೇಲೆ. ಅದೇ ಚಕ್ರವನ್ನು ಎಂಜಿನ್ ತಳ್ಳುತ್ತದೆ, ಬ್ರೇಕ್ ತಡೆಯುತ್ತದೆ. ಒಂದು ಇಲಾಖೆ ಡಾಂಬರು ಹಾಕಿದ ವಾರಕ್ಕೆ ಇನ್ನೊಂದು ಇಲಾಖೆ ಪೈಪಿಗೆಂದು ಅಗೆಯುತ್ತದಲ್ಲ, ಹಾಗೆ. ಬ್ರೇಕಿನೊಳಗೆ ಉಜ್ಜಿ ಹಿಡಿಯುವ ಪದರ, ಅಂದರೆ ಲೈನರ್, ಕಾದು ಗಾಜಿನಂತೆ ಹೊಳೆಯುತ್ತದೆ. ಹೊಳೆಯುವ ಲೈನರ್ ಹಿಡಿಯುವುದಿಲ್ಲ.

ಇನ್ನು ಓಡಿಸಿದವನಿಗೆ 18 ತುಂಬಿಲ್ಲದಿದ್ದರೆ? ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅಪ್ಪನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಅಲ್ಲೂ ಫೇಲ್ ಆಗುವುದು ಬೇರೆಯವರೇ.

ಈ ಹುಡುಗರನ್ನು ಬೈಯುವುದರಲ್ಲಿ ನಮ್ಮ ಮೇಲಿನ ಮನೆ ಅಂಕಲ್ ಮುಂದು. ಅವರ ಬೈಕಿನ ಮುಂದಿನ ಬ್ರೇಕ್ ಶೋರೂಮಿನಿಂದ ಬಂದಂತೆಯೇ ಇದೆ. "ಮುಂದಿನ ಬ್ರೇಕ್ ಮುಟ್ಟಿದ್ಯೋ, ಪಲ್ಟಿ ಹೊಡೀತೀಯ" ಎಂದು ನನಗೆ ಹೇಳಿಕೊಟ್ಟವರೂ ಅವರೇ. ಬ್ರೇಕ್ ಹಿಡಿದರೆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಆದ್ದರಿಂದ ನಿಲ್ಲಿಸುವ ಕೆಲಸ ಜಾಸ್ತಿ ಮುಂದಿನ ಬ್ರೇಕಿನದು. ಬಸ್ಸು ಗಕ್ಕನೆ ನಿಂತಾಗ ನಿಂತವರೆಲ್ಲ ಯಾವ ಕಡೆ ಬೀಳುತ್ತಾರೆ ಅಂತ ಅಂಕಲ್ ಜೀವಮಾನವಿಡೀ ನೋಡಿದ್ದಾರೆ. ಆದರೂ ಅವರ ಬಲಗಾಲು ಸದಾ ಹಿಂದಿನ ಬ್ರೇಕ್ ಪೆಡಲ್ ಮೇಲೆ. ಬನಶಂಕರಿಯಲ್ಲಿ ಹತ್ತಿದ ಬ್ರೇಕ್ ಲೈಟ್ ಯಶವಂತಪುರದಲ್ಲಿ ಆರುತ್ತದೆ. ಇವರು ಈಗ ನಿಲ್ಲಿಸ್ತಾರೆ, ಈಗ ನಿಲ್ಲಿಸ್ತಾರೆ ಅಂತ ಹಿಂದಿನವರು ಊರೆಲ್ಲ ದಾಟುತ್ತಾರೆ. ಹುಡುಗ ಒಂದೇ ಸಲ ಸುಡುತ್ತಾನೆ. ಅಂಕಲ್ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ.

ಸರ್ಕಾರಕ್ಕೂ ಈ ಅಂಕಲ್‌ಗಳ ಬಗ್ಗೆ ಗೊತ್ತು. ಅದಕ್ಕೇ 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಕನಿಷ್ಠ ಸಿಬಿಎಸ್, ಅಂದರೆ ಎರಡೂ ಬ್ರೇಕಿಗೆ ಗಂಟು ಹಾಕುವ ವ್ಯವಸ್ಥೆ, ಇರಲೇಬೇಕು ಎಂದಿತು. ಹಿಂದಿನ ಬ್ರೇಕ್ ಹಿಡಿದರೆ ಮುಂದಿನದೂ ತಾನಾಗಿ ಸ್ವಲ್ಪ ಹಿಡಿಯುತ್ತದೆ. ಮಗುವಿಗೆ ಬಾಳೆಹಣ್ಣಿನೊಳಗೆ ಮಾತ್ರೆ ಇಟ್ಟು ನುಂಗಿಸಿದ ಹಾಗೆ.

ಆಯುಧ ಪೂಜೆ ದಿನ ಮಾತ್ರ ಎಲ್ಲರೂ ಚಕ್ರದ ಮುಂದೆ ಬಗ್ಗುತ್ತಾರೆ. ನಿಂಬೆಹಣ್ಣು ಇಡಬೇಕಲ್ಲ. ಅಷ್ಟು ಬಗ್ಗಿದವರು ಕತ್ತು ಎತ್ತಿದರೆ, ಎಷ್ಟೋ ಬೈಕುಗಳ ಹಿಂದಿನ ಡ್ರಮ್ ಪಕ್ಕ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂ ಎಷ್ಟು ಸವೆದಿದೆ ಅಂತ ತೋರಿಸುವ ಪುಟ್ಟ ಬಾಣ ಕಾಣುತ್ತದೆ. ಅದರ ಮೇಲೂ ಕುಂಕುಮ ಹಚ್ಚಿ ಏಳುತ್ತಾರೆ.

ನಾನೇನು ಸಾಚಾ ಅಲ್ಲ. ಹೋದ ತಿಂಗಳು ಆಗುಂಬೆ ಘಾಟಿ ಇಳಿಯುವಾಗ, ಪೆಟ್ರೋಲ್ ಉಳಿಸೋಣ ಅಂತ ಸುಮ್ನೆ ನ್ಯೂಟ್ರಲ್‌ಗೆ ಹಾಕಿದೆ. 14 ಹೇರ್‌ಪಿನ್ ತಿರುವು. ಅಂಕಲ್ ಶಿಷ್ಯನಾದ್ದರಿಂದ ಬಲಗಾಲು ಪೆಡಲ್ ಮೇಲೆ. ಐದಾರು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ. ಕಾಡಿನಲ್ಲಿ ಯಾರೋ ಕಸ ಸುಡುತ್ತಿದ್ದಾರೆ, ಜನಕ್ಕೆ ಬುದ್ಧಿ ಇಲ್ಲ ಅಂತ ಬೈದುಕೊಂಡೆ. ಇನ್ನೂ ಎರಡು ತಿರುವು ಇಳಿದೆ. ಪೆಡಲ್ ಒತ್ತಿದಷ್ಟೂ ಕೆಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಡ್ರಮ್ ಕಾದರೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಕಾದ ಲೈನರ್‌ಗೂ ಹಿಡಿತ ಇರುವುದಿಲ್ಲ. ಪ್ರಾಣಭಯದಲ್ಲಿ ಗುರುವಿನ ಮಾತು ಮೀರಿ ಮುಂದಿನ ಬ್ರೇಕ್ ಹಿಡಿದೆ. ಪಲ್ಟಿ ಹೊಡೆಯಲಿಲ್ಲ.

ರಸ್ತೆ ಬದಿಯಲ್ಲಿ ನಿಲ್ಲಿಸಿ ಡ್ರಮ್ ಮೇಲೆ ಎರಡು ಹನಿ ನೀರು ಚಿಮುಕಿಸಿದೆ. ಚುಂಯ್. ದೋಸೆ ಹುಯ್ಯಬಹುದಿತ್ತು. ಹಿಂದಿನಿಂದ ಮಿನಿ ಬಸ್ಸು ಸಣ್ಣ ಗೇರಿನಲ್ಲಿ ಗೊರಗುಟ್ಟುತ್ತಾ ಬಂತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಗೇರಲ್ಲಿ ಇಳೀರಿ ಮಾರಾಯ್ರೆ" ಎಂದು ಹೇಳಿ ಹೋದ. ಎಂಜಿನ್ನಿಗೆ ಪೆಟ್ರೋಲ್ ಅಳೆದು ಚಿಮ್ಮಿಸುವ ಇಂಜೆಕ್ಷನ್ ಬಂದಿರುವ ಗಾಡಿಗಳಲ್ಲಿ ಹಾಗೆ ಗೇರಿನಲ್ಲಿ ಇಳಿದರೆ ಪೆಟ್ರೋಲ್ ಹೋಗುವುದೇ ಕಮ್ಮಿಯಂತೆ. ನ್ಯೂಟ್ರಲ್‌ನಲ್ಲೇ ಎಂಜಿನ್ ಗುಟುಕರಿಸುತ್ತಾ ಇರುತ್ತದಂತೆ. ಅಂದರೆ ನಾನು ಉಳಿಸಿದ್ದು ಏನೂ ಇಲ್ಲ.

ಹುಡುಗ ಹೊಸ ಟೈರ್ ಹಾಕಿಸಿಕೊಂಡು ಹೋದ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ನನ್ನ ಬೈಕಿನ ಕಡೆ ಬಂದ.

"ನಿಮ್ದೇನ್ ಸಾರ್ ಕಂಪ್ಲೇಂಟು?"

"ಬ್ರೇಕ್ ಫೇಲ್" ಅಂದೆ.