ಐರಿಸ್ ಪಾತಿ ಪಕ್ಕ ಕಳೆನಾಶಕ ಹೊಡೆಯೋರೇ, ಸ್ವಲ್ಪ ನಿಲ್ಲಿ

"ಐರಿಸ್ ಗಟ್ಟಿ ಗಿಡ, ಅದಕ್ಕೇನೂ ಆಗಲ್ಲ." ಈ ಮಾತು ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ. ಅಮೆರಿಕದಲ್ಲಿ ಮನೆ ಕೊಂಡು, ಹಿಂದಿನವರು ನೆಟ್ಟ ಐರಿಸ್ (ಗೆಡ್ಡೆಯಿಂದ ಬೆಳೆಯುವ ಬಿಯರ್ಡೆಡ್ ಐರಿಸ್ ಎಂಬ ಹೂಗಿಡ) ಸಾಲು ಪುಕ್ಕಟೆ ಸಿಕ್ಕ ನಮ್ಮ ಕನ್ನಡದವರ ಬಾಯಲ್ಲೂ ಇದೇ, ಲಾನ್‌ಗೆ ಔಷಧಿ ಹೊಡೆಯಲು ಬರುವವರ ಬಾಯಲ್ಲೂ ಇದೇ. ಹಿಮ ತಡೆಯುತ್ತೆ, ನೀರಿಲ್ಲದೆ ತಡೆಯುತ್ತೆ, ನಿಜ. ಕಳೆನಾಶಕವನ್ನೂ ತಡೆಯುತ್ತೆ ಅಂತ ಹೇಳಿದವರು ಯಾರು?

ಆ ಗೆಡ್ಡೆಯನ್ನು ಒಮ್ಮೆಯಾದರೂ ಬಗ್ಗಿ ನೋಡಿದ್ದೀರಾ? ಶುಂಠಿಯ ಹಾಗೆ ಅಡ್ಡಡ್ಡ ಬೆಳೆಯುತ್ತೆ. ಬೆನ್ನು ಬಿಸಿಲಿಗೆ ಕಾಣುವ ಹಾಗಿರಬೇಕು, ಆಳವಾಗಿ ಹೂತರೆ ಕೊಳೆಯುತ್ತೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಎಲೆಯ ಮೇಲೆ ಬಿದ್ದರೆ ಅಲ್ಲೇ ನಿಲ್ಲುವ ವಿಷವಲ್ಲ, ಎಲೆ ತಯಾರಿಸಿದ ಸಕ್ಕರೆ ಹರಿಯುವ ದಾರಿಯಲ್ಲೇ ಅದೂ ಹರಿಯುತ್ತೆ. ಬೇಸಿಗೆ ಮುಗಿಯುವ ಹೊತ್ತಿಗೆ ಗಿಡದ ಆಹಾರ ಗೆಡ್ಡೆಗೆ ಇಳಿಯುತ್ತಿರುತ್ತೆ. ಸರಿಯಾಗಿ ಆಗಲೇ ನೀವು ಪಾತಿಯ ಅಂಚಿಗೆ ಕ್ಯಾನ್ ಹಿಡಿದು ಬರುತ್ತೀರಿ! ಮುಂದಿನ ವರ್ಷದ ಹೂವು ಹುಟ್ಟಬೇಕಾದ ಜಾಗಕ್ಕೇ ವಿಷ ಹೋಗಿ ಸೇರುತ್ತೆ.

ಆಗ ಒಂದೆರಡು ಎಲೆ ಹಳದಿಯಾಗಬಹುದು, ಅಷ್ಟೇ. ಚಳಿಗಾಲಕ್ಕೆ ಎಲೆ ಹೇಗೂ ಒಣಗುತ್ತೆ, ಯಾರೂ ಗಮನಿಸಲ್ಲ. ಪೆಟ್ಟು ಕಾಣುವುದು ಮುಂದಿನ ವಸಂತದಲ್ಲಿ. ಕತ್ತಿಯಂಥ ಎಲೆ ಬರಬೇಕಾದಲ್ಲಿ ಹುಲ್ಲಿನಂಥ ಸಣಕಲು, ಬಿಳಚಿದ ಗೊಂಚಲು. ಮೂರು ದಳ ಮೇಲೆದ್ದು ಮೂರು ಕೆಳಗೆ ಜೋತಿರಬೇಕಾದ ಹೂವಿನಲ್ಲಿ ಒಂದೋ ಎರಡೋ ದಳವೇ ಇಲ್ಲ. ಆಗ ಶುರು: "ವೈರಸ್ ಬಂದಿದೆ", "ತಳಿ ಸರಿಯಿಲ್ಲ". ಕಿತ್ತು ಎಸೆದೂ ಬಿಡುತ್ತಾರೆ. ಕಳೆದ ಆಗಸ್ಟ್‌ನಲ್ಲಿ ಹೊಡೆದದ್ದು ಒಬ್ಬರಿಗೂ ನೆನಪಿರಲ್ಲ. ಅದೇ ಮೈ ಉರಿಸುವುದು.

"ಇದು ಅಗಲ ಎಲೆಯ ಕಳೆಗೆ ಮಾತ್ರ, ಐರಿಸ್ ಹುಲ್ಲಿನ ಹಾಗೆ ಏಕದಳ (ಒಂದೇ ಬೀಜದಳದ) ಗಿಡ, ಅದಕ್ಕೇನೂ ಆಗಲ್ಲ" ಅನ್ನುವ ಅರೆಬೆಂದ ಜ್ಞಾನ ಇನ್ನೊಂದು. ಲಾನ್ ಗೊಬ್ಬರದ ಜೊತೆ ಬೆರೆಸಿ ಮಾರುವ 2,4-ಡಿ, ಡೈಕಾಂಬ ಎಂಬ ಅಗಲ ಎಲೆಯ ಕಳೆನಾಶಕಗಳು ಐರಿಸ್‌ನ ಹೂಕಾಂಡವನ್ನೂ ತಿರುಚಿ ಹಾಕಬಲ್ಲವು. ಡೈಕಾಂಬ ಮಣ್ಣಲ್ಲಿ ನೀರಿನೊಂದಿಗೆ ಸರಿದು ಬೇರಿಗೂ ಸಿಗುತ್ತೆ, ಬಿಸಿಲಿಗೆ ಆವಿಯಾಗಿ ಪಕ್ಕಕ್ಕೂ ಹಾರುತ್ತೆ. 29 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಾಕಬೇಡಿ ಅಂತ ಎಷ್ಟೋ ಲೇಬಲ್‌ಗಳಲ್ಲೇ ಬರೆದಿರುತ್ತೆ. ಓದುವವರು ಬೇಕಲ್ಲ! "ವರ್ಷವಿಡೀ ಕಳೆ ಹುಟ್ಟಲ್ಲ" ಎಂಬ ಬಾಟಲಿಗಳಂತೂ ಪಾತಿಯ ಹತ್ತಿರಕ್ಕೂ ಬರಬಾರದು. ಗ್ಲೈಫೋಸೇಟ್ ಮಣ್ಣಿಗೆ ಅಂಟಿ ಬಹುಪಾಲು ಸುಮ್ಮನಾಗುತ್ತೆ, ಆದರೆ ಇವುಗಳಲ್ಲಿ ಇಮಾಜಪಿರ್‌ನಂಥ ವಿಷ ಬೆರೆತಿರುತ್ತೆ, ಅದು ತಿಂಗಳುಗಟ್ಟಲೆ ಮಣ್ಣಲ್ಲೇ ಇದ್ದು ಬೇರಿನಿಂದ ಒಳಹೋಗುತ್ತೆ. ಹೊರಗಿನ ಹೆಸರು ನೋಡಿ ಕೊಳ್ಳಬೇಡಿ, ಹಿಂದೆ ಸಣ್ಣಕ್ಷರದಲ್ಲಿ ಏನೇನಿದೆ ಅಂತ ಓದಿ.

ಕಳೆ ಬಾರದಿರಲಿ ಅಂತ ಮರದ ಚಕ್ಕೆ ಸುರಿಯಿರಿ ಅನ್ನುವವರಿಗೂ ಒಂದು ಮಾತು: ಗೆಡ್ಡೆ ಮುಚ್ಚಿದರೆ ತೇವ ನಿಂತು ಕೊಳೆರೋಗ ಬರುತ್ತೆ. ಸಾಲುಗಳ ಮಧ್ಯೆ ಹಾಕಿ, ಗೆಡ್ಡೆಯ ಮೇಲಲ್ಲ.

ಪಾತಿಯೊಳಗೆ ಹುಲ್ಲು ನುಗ್ಗಿದ್ದರೆ, ಹುಲ್ಲನ್ನಷ್ಟೇ ಕೊಲ್ಲುವ ಫ್ಲುಯಾಜಿಫಾಪ್ ಅಥವಾ ಸೆಥಾಕ್ಸಿಡಿಮ್ ಇದೆ. ಲೇಬಲ್‌ನಲ್ಲಿ ಐರಿಸ್ ಹೆಸರಿದೆಯೇ ನೋಡಿಕೊಂಡು ಎಳೆ ಹುಲ್ಲಿಗೆ ಹೊಡೆಯಿರಿ. ಸಾಯಲು ಒಂದೆರಡು ವಾರ ಬೇಕು, ಮೂರನೇ ದಿನಕ್ಕೇ ಮತ್ತೆ ಹೊಡೆಯಬೇಡಿ. ಹುಲ್ಲಿನಂತೆಯೇ ಕಾಣುವ ಜೇಕಿಗೆ ಇವು ನಾಟುವುದಿಲ್ಲ. ಬೇರಿನ ಜೊತೆ ಹೆಣೆದುಕೊಂಡ ಕಳೆಗೆ ಮದ್ದು ಒಂದೇ: ಹೂ ಮುಗಿದ ಆರೆಂಟು ವಾರಕ್ಕೆ ಗುಂಪನ್ನೇ ಅಗೆದು, ಗೆಡ್ಡೆ ಬಿಡಿಸಿ, ಕಳೆಬೇರನ್ನು ಕೈಯಲ್ಲೇ ಆರಿಸಿ, ಎಲೆಯನ್ನು ಆರಿಂಚಿಗೆ ಕತ್ತರಿಸಿ ಮತ್ತೆ ನೆಡುವುದು. ಮೂರು ನಾಲ್ಕು ವರ್ಷಕ್ಕೊಮ್ಮೆ ಹೇಗೂ ಮಾಡಬೇಕಾದ ಕೆಲಸ ಅದು.

ಹೊಡೆಯಲೇಬೇಕು ಅಂತಿದ್ದರೆ ಗಾಳಿ ಬೀಸದ ಹೊತ್ತು ನೋಡಿ. ಹಾಲಿನ ಪ್ಲಾಸ್ಟಿಕ್ ಕ್ಯಾನಿನ ತಳ ಕತ್ತರಿಸಿ, ಕತ್ತರಿಸಿದ ಕಡೆ ಕೆಳಗಾಗಿ ಕಳೆಯ ಮೇಲೆ ಮುಚ್ಚಿ, ಕ್ಯಾನಿನ ಬಾಯಿಯೊಳಗೆ ನಾಜಲ್ ತೂರಿಸಿ, ಹನಿ ದಪ್ಪಗಿರಲಿ. ಕಳೆನಾಶಕದ ಸ್ಪ್ರೇಯರ್ ಬೇರೆಯೇ ಇಡಿ, ಅದರಲ್ಲಿ ಐರಿಸ್‌ಗೆ ಕೀಟನಾಶಕ ಹೊಡೆದು ಅಯ್ಯೋ ಅನ್ನಬೇಡಿ. ಎಲೆಗೆ ಹನಿ ಸಿಡಿದರೆ ಸಂಜೆಯವರೆಗೆ ಕಾಯದೆ ಆ ಕ್ಷಣವೇ ಪೈಪ್ ಹಿಡಿದು ತೊಳೆಯಿರಿ, ಇಲ್ಲವೇ ಆ ಎಲೆಯನ್ನು ಬುಡಕ್ಕೇ ಕತ್ತರಿಸಿ.