ನಾಮಿನಿ ಬೇರೆ, ವಾರಸುದಾರ ಬೇರೆ

ಖಾತೆ ತೆರೆಯುವಾಗ ಕೌಂಟರಿನಲ್ಲಿ ಕೂತವರು "ನಾಮಿನಿ ಹಾಕಿಬಿಡಿ ಸಾರ್, ನಾಳೆ ಏನಾದರೂ ಆದರೆ ದುಡ್ಡು ಅವರಿಗೇ ಹೋಗುತ್ತೆ" ಅನ್ನುತ್ತಾರೆ. ಹೋಗುವುದು ನಿಜ. ಆದರೆ ಅದು ಅವರದ್ದೇ ಆಗುತ್ತದೆ ಅಂತಲ್ಲ. ನಾಮಿನಿ ಮತ್ತು ಲೀಗಲ್ ಹೇರ್, ಅಂದರೆ ವಾರಸುದಾರ, ಎರಡೂ ಒಂದೇ ಅಂದುಕೊಂಡು ವಿಲ್ ಬರೆಯದೇ ಉಳಿದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು.

ಖಾತೆದಾರ ತೀರಿಕೊಂಡಾಗ ಯಾರ ಕೈಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯುತ್ತದೋ ಅವರು ನಾಮಿನಿ. ನೀವು ಮನೆಯಲ್ಲಿ ಇಲ್ಲದಾಗ ಬಂದ ಪಾರ್ಸೆಲ್ಲನ್ನು ಪಕ್ಕದ ಮನೆಯವರು ಸೈನ್ ಹಾಕಿ ಇಸಿದುಕೊಂಡ ಹಾಗೆ. ಆ ಹಣ ಯಾರ ಸ್ವತ್ತು ಅನ್ನುವುದನ್ನು ತೀರ್ಮಾನಿಸುವುದು ವಿಲ್. ವಿಲ್ ಇಲ್ಲದಿದ್ದರೆ ಅವರವರ ಉತ್ತರಾಧಿಕಾರ ಕಾನೂನು. ಸುಪ್ರೀಂ ಕೋರ್ಟು ಜೀವವಿಮೆಯ ವಿಷಯದಲ್ಲಿ ಇದನ್ನು 1983ರಲ್ಲೇ ಹೇಳಿತು. ಬ್ಯಾಂಕ್ ಖಾತೆಗೆ 2010ರಲ್ಲಿ, ಷೇರುಗಳಿಗೆ 2023ರ ಡಿಸೆಂಬರಿನಲ್ಲಿ ಅದನ್ನೇ ಹೇಳಿತು.

ಲೆಕ್ಕ ಹಾಕಿ ನೋಡೋಣ. ಮದುವೆಗೆ ಮುಂಚೆ ಒಬ್ಬಾತ 20 ಲಕ್ಷದ ಎಫ್‌ಡಿಗೆ ತಮ್ಮನನ್ನು ನಾಮಿನಿ ಮಾಡಿರುತ್ತಾನೆ. ಆಮೇಲೆ ಮದುವೆ, ಇಬ್ಬರು ಮಕ್ಕಳು. ವಿಲ್ ಬರೆಯದೆ ತೀರಿಕೊಂಡ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಹೆಂಡತಿ, ತಾಯಿ, ಇಬ್ಬರು ಮಕ್ಕಳಿಗೆ ತಲಾ 5 ಲಕ್ಷ. ಹಣ ಇಸಿದುಕೊಂಡ ತಮ್ಮನಿಗೆ ಸೊನ್ನೆ. ತಂದೆ ಬದುಕಿದ್ದರೆ ಅವರಿಗೂ ಸೊನ್ನೆ. ತಾಯಿ ಒಂದನೇ ವರ್ಗದ ವಾರಸುದಾರಳು, ತಂದೆ ಎರಡನೇ ವರ್ಗ. ಇದು ಗೊತ್ತಿಲ್ಲದೆ "ಅಪ್ಪನಿಗೂ ಒಂದು ಪಾಲು ಇದ್ದೇ ಇರುತ್ತಲ್ಲ" ಅನ್ನುವವರು ಬಹಳ. ಅದೇ ಕುಟುಂಬ ಕ್ರೈಸ್ತರದ್ದಾಗಿದ್ದರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ, ತಾಯಿಗೆ ಏನೂ ಇಲ್ಲ.

ಇದರಲ್ಲಿ ಹೆಚ್ಚು ಏಟು ಬೀಳುವುದು ದುಡಿಯುವ ಹೆಣ್ಣುಮಕ್ಕಳಿಗೆ. ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ, ತಾನೇ ದುಡಿದ ಹಣಕ್ಕೆ ತನ್ನ ತಾಯಿಯನ್ನು ನಾಮಿನಿ ಮಾಡಿದ್ದಾಳೆ ಅಂದುಕೊಳ್ಳಿ. ವಿಲ್ ಇಲ್ಲದಿದ್ದರೆ ಕಾಯ್ದೆಯ 15ನೇ ಕಲಮಿನಲ್ಲಿ ಗಂಡನ ವಾರಸುದಾರರು ಅವಳ ತಂದೆತಾಯಿಗಿಂತ ಮೊದಲು ಬರುತ್ತಾರೆ. ಬ್ಯಾಂಕು ತಾಯಿಯ ಕೈಗೇ ಹಣ ಕೊಡುತ್ತದೆ. ಆಮೇಲೆ ಅತ್ತೆ ಕೇಸು ಹಾಕಿದರೆ ತಾಯಿ ಆ ಹಣ ಬಿಟ್ಟುಕೊಡಬೇಕಾಗುತ್ತದೆ. ಈ ಕಲಮು ನನಗೆ ಅನ್ಯಾಯ ಅನ್ನಿಸುತ್ತದೆ, ಆದರೆ ಇವತ್ತು ಇರುವ ಕಾನೂನು ಅದು.

ವಿಮೆ ಏಜೆಂಟರು ಇಲ್ಲಿ ವಿಮಾ ಕಾಯ್ದೆಯ 2015ರ ತಿದ್ದುಪಡಿ ತೋರಿಸುತ್ತಾರೆ. ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಲಾಭವೂ ಅವರದ್ದೇ ಅಂತ ಅದರಲ್ಲಿ ಇರುವುದು ಹೌದು. ಆದರೆ 2025ರಲ್ಲಿ ನಮ್ಮ ಹೈಕೋರ್ಟು, ವಾರಸುದಾರರು ಬಂದು ಪಾಲು ಕೇಳಿದರೆ ನಾಮಿನಿಯ ಹಕ್ಕು ಉತ್ತರಾಧಿಕಾರ ಕಾನೂನಿಗೆ ತಲೆಬಾಗಬೇಕು ಅಂದಿತು. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿ, ನಾಮಿನಿ ತಾಯಿ. ಕೊನೆಗೆ ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು.

ಪಿಎಫ್ ಮಾತ್ರ ಸ್ವಲ್ಪ ಬೇರೆ. ಮದುವೆಯಾದ ಕೂಡಲೇ ಹಳೆಯ ನಾಮಿನೇಷನ್ ತಾನಾಗಿ ಬಿದ್ದುಹೋಗುತ್ತದೆ, ಹೊಸದು ಕೊಡಬೇಕು, ಅದೂ ಕುಟುಂಬದವರ ಹೆಸರನ್ನೇ. ಬ್ಯಾಂಕಿನಲ್ಲಿ ಹಾಗಿಲ್ಲ, ನೀವೇ ಹೋಗಿ ಬದಲಾಯಿಸುವ ತನಕ ಹಳೆಯ ಹೆಸರೇ ಕೂತಿರುತ್ತದೆ. ಜಮೀನಿಗೆ, ಸೈಟಿಗೆ ನಾಮಿನಿ ಅನ್ನುವುದೇ ಇಲ್ಲ. ಅಲ್ಲಿ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ, ಅರ್ಜಿ ಹಾಕಬೇಕು.

ಹಾಗಾದರೆ ನಾಮಿನಿ ದಂಡವೇ? ಖಂಡಿತ ಅಲ್ಲ. ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಕೊಟ್ಟು ಹಣ ಪಡೆಯಬಹುದು, ಬ್ಯಾಂಕು ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ವಾರಸುದಾರರಿಗೆ ಕೋರ್ಟು ಕೊಡುವ ಪ್ರಮಾಣಪತ್ರ, ಕೇಳುವಂತಿಲ್ಲ. ಇಲ್ಲದಿದ್ದರೆ ದೊಡ್ಡ ಮೊತ್ತಕ್ಕೆ ಸಿವಿಲ್ ಕೋರ್ಟಿಗೆ ಅಲೆಯಬೇಕಾಗಬಹುದು. ಆಸ್ಪತ್ರೆ ಬಿಲ್ಲು, ತಿಥಿ ಖರ್ಚು, ಮಕ್ಕಳ ಫೀಸು ಅದಕ್ಕೆ ಕಾಯುವುದಿಲ್ಲ.

ಮಾಡಬೇಕಾದ್ದು ಇಷ್ಟು. ಹಣ ಯಾರಿಗೆ ಸೇರಬೇಕೋ ಅವರ ಹೆಸರಿಗೆ ವಿಲ್ ಬರೆದು, ನಾಮಿನಿಯನ್ನೂ ಅವರನ್ನೇ ಮಾಡಿ. ವಿಲ್‌ಗೆ ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳ ಎದುರು ನೀವು ಸಹಿ ಹಾಕಿ, ನಿಮ್ಮೆದುರು ಅವರೂ ಹಾಕಬೇಕು. ವಿಲ್ ಮುರಿದುಬೀಳುವುದು ಸಾಮಾನ್ಯವಾಗಿ ಇಲ್ಲೇ: ಆಮೇಲೆ ಮನೆಗೆ ಕಳಿಸಿ ಹಾಕಿಸಿಕೊಂಡ ಸಾಕ್ಷಿ ಸಹಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ, ನಿಮಗಿಂತ ಚಿಕ್ಕವರನ್ನು ಮಾಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸುವುದು ಒಳ್ಳೆಯದು.

2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರ ತನಕ ನಾಮಿನಿ ಮಾಡಬಹುದು, ಒಟ್ಟಿಗೇ ಆದರೆ ಇವರಿಗಿಷ್ಟು ಅವರಿಗಿಷ್ಟು ಅಂತ ಶೇಕಡಾವಾರು ಬರೆಯಬೇಕು. ಅನುಕೂಲ ಹೌದು, ಆದರೆ ಗೊಂದಲ ಇನ್ನೂ ಹೆಚ್ಚುತ್ತದೆ ಅಂತ ನನಗೆ ಅನುಮಾನ. ಫಾರಂನಲ್ಲಿ 60, 40 ಅಂತ ಬರೆದವರು ಆಸ್ತಿ ಹಂಚಿ ಮುಗಿಸಿದೆವು ಅಂದುಕೊಳ್ಳುತ್ತಾರೆ.

ಇನ್ನು ನಾಮಿನಿಯ ಮೇಲೆ ನಂಬಿಕೆ ಇಲ್ಲದ ವಾರಸುದಾರರಿಗೆ ಒಂದು ಮಾತು. ಮ್ಯಾನೇಜರಿಗೆ ತಕರಾರು ಪತ್ರ ಕೊಟ್ಟರೆ ಪ್ರಯೋಜನವಿಲ್ಲ, ಅದನ್ನು ಬ್ಯಾಂಕು ಪರಿಗಣಿಸಬೇಕಿಲ್ಲ ಅಂತ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯಲ್ಲೇ ಇದೆ. ಹಣ ಬಟವಾಡೆಯಾಗುವ ಮೊದಲೇ ಕೋರ್ಟಿನಿಂದ ತಡೆಯಾಜ್ಞೆ ತಂದು ತೋರಿಸಬೇಕು. ತಡವಾದರೆ ಬ್ಯಾಂಕಿನ ಮೇಲೆ ಕೇಸು ನಡೆಯುವುದಿಲ್ಲ, ಹಣ ಪಡೆದ ನಾಮಿನಿಯ ಮೇಲೆಯೇ ದಾವೆ ಹೂಡಬೇಕಾಗುತ್ತದೆ.