ಪುಷರ್ ಕಾಕಾ ಅವರ ಪರವಾಗಿ

ಧಾರವಾಡದಲ್ಲಿ ಬೆಳಿಗ್ಗೆ ಆರಕ್ಕೆ ಟೆನಿಸ್ ಆಡುವ ನಮ್ಮ ಏಳೆಂಟು ಜನರ ಗುಂಪಿನಲ್ಲಿ ಒಬ್ಬ ಕಾಕಾ ಇದ್ದಾರೆ. ಬ್ಯಾಂಕಿನಿಂದ ನಿವೃತ್ತರಾಗಿ ಎಂಟು ವರ್ಷವಾಯಿತು. ಮೊಣಕಾಲಿಗೆ ಪಟ್ಟಿ, ಕಿವಿಗೆ ಮಫ್ಲರ್. ಅವರ ಸರ್ವಿಸ್ ಎಷ್ಟು ನಿಧಾನವೆಂದರೆ ಬರುವ ಚೆಂಡಿನ ಮೇಲಿನ ಕಂಪನಿಯ ಹೆಸರನ್ನು ಓದಿ ಮುಗಿಸಬಹುದು. ಕಳೆದ ಭಾನುವಾರವೂ ಅವರ ಕೈಯಲ್ಲಿ 6-2ರಿಂದ ಸೋತೆ.

ಸೋತ ಮೇಲೆ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದೆ. ಕಾಕಾ ಹೊಡೆದು ಗೆದ್ದ ಪಾಯಿಂಟ್ ಎಂದು ನೆನಪಿಗೆ ಬಂದದ್ದು ಮೂರೇ. ಉಳಿದವನ್ನೆಲ್ಲ ನಾನೇ ಕೈಯಾರೆ ಕೊಟ್ಟಿದ್ದೆ. ನೆಟ್‌ಗೆ ಒಂದಿಷ್ಟು, ಗೆರೆಯಾಚೆ ಒಂದಿಷ್ಟು. ಎರಡೂ ಸರ್ವಿಸ್ ತಪ್ಪಿ ಪಾಯಿಂಟ್ ಕಳೆದುಕೊಂಡ ಡಬಲ್ ಫಾಲ್ಟ್‌ಗಳ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ.

ಜೋರಾಗಿ ಹೊಡೆಯದೆ, ಬಂದ ಚೆಂಡನ್ನು ಸುಮ್ಮನೆ ವಾಪಸ್ ಕಳಿಸುತ್ತಲೇ ಇರುವ ಇಂಥ ಆಟಗಾರರನ್ನು ಹುಡುಗರು 'ಪುಷರ್' ಎನ್ನುತ್ತಾರೆ. ಅದು ಬೈಗುಳವೇ. 'ಇದೂ ಒಂದು ಟೆನಿಸ್ಸೇ' ಎಂದು ನಾನೂ ಗೊಣಗಿದವನೇ. ಈಗ ನಾಚಿಕೆಯಾಗುತ್ತದೆ. 1989ರ ಫ್ರೆಂಚ್ ಓಪನ್‌ನಲ್ಲಿ 17 ವರ್ಷದ ಮೈಕಲ್ ಚಾಂಗ್, ಕಾಲು ಸೆಳೆತದಿಂದ ನಿಲ್ಲಲಾಗದೆ, ಚೆಂಡನ್ನು ಆಕಾಶಕ್ಕೆತ್ತಿ ಎತ್ತಿ, ಒಂದು ಸರ್ವಿಸ್ ಅನ್ನು ಕೆಳಗೈಯಿಂದಲೇ ಮಾಡಿ, ಆಗಿನ ವಿಶ್ವದ ನಂಬರ್ 1 ಇವಾನ್ ಲೆಂಡ್ಲ್ ಅವರನ್ನು ಸೋಲಿಸಲಿಲ್ಲವೇ? ಕೊನೆಗೆ ಟ್ರೋಫಿಯೂ ಚಾಂಗ್ ಅವರದೇ ಆಯಿತು.

ವಾರಕ್ಕೆ ಮೂರು ದಿನ ಆಡುವ ನಮಗೆ ಟಿವಿಯಲ್ಲಿ ಕಂಡ ಹೊಡೆತವೇ ಬೇಕು. ರೋಗ ಅಲ್ಲಿದೆ. ನೆಟ್ ನಡುವೆ 3 ಅಡಿ, ಕಂಬದ ಬಳಿ ಮೂರೂವರೆ ಅಡಿ. ಅಂಕಣದ ಉದ್ದ 78 ಅಡಿ, ಸಿಂಗಲ್ಸ್‌ನಲ್ಲಿ ಮೂಲೆಯಿಂದ ಮೂಲೆಗೆ 82 ಅಡಿಗೂ ಹೆಚ್ಚು. ಕ್ರಾಸ್‌ಕೋರ್ಟ್, ಅಂದರೆ ಓರೆಯಾಗಿ ಎದುರು ಮೂಲೆಗೆ, ಹೊಡೆದರೆ ದಾಟಬೇಕಾದ ಎತ್ತರವೂ ಕಡಿಮೆ, ಬೀಳಲು ಜಾಗವೂ ಹೆಚ್ಚು. ಇದೆಲ್ಲ ನನಗೆ ಬಾಯಿಪಾಠ. ಆದರೂ ಚೆಂಡು ಬಂದ ಕೂಡಲೇ ಗೆರೆಯ ಉದ್ದಕ್ಕೂ ಬಾರಿಸಲು ಕೈ ತುರಿಸುತ್ತದೆ.

"ತಮ್ಮಾ, ನೆಟ್ಟಿನ ಮೇಲೆ ಇನ್ನೊಂದು ನೆಟ್ ಕಟ್ಟಿದ್ದಾರೆ ಎಂದುಕೊಂಡು ಆಡು" ಎಂದರು ಕಾಕಾ. ಆಡಿದೆ. ಆಷಾಢದ ಗಾಳಿ ಬೆನ್ನಿಗಿದ್ದಾಗ ಆ ಚೆಂಡುಗಳು ಹಿಂದಿನ ಬೇಲಿಗೇ ಹೋಗಿ ಬಡಿದವು. ಎತ್ತರದ ಜೊತೆ ಟಾಪ್‌ಸ್ಪಿನ್, ಅಂದರೆ ಚೆಂಡು ಮುಂದಕ್ಕೆ ಉರುಳುವಂಥ ತಿರುಗು, ಇಲ್ಲದಿದ್ದರೆ ಚೆಂಡು ಬೇಗ ಕೆಳಗಿಳಿಯುವುದಿಲ್ಲ. ಎರಡನೇ ಸರ್ವಿಸ್‌ನಲ್ಲೂ ನನ್ನ ತಪ್ಪು ಇದೇ. ಹೆದರಿ ಕೈಯನ್ನೇ ನಿಧಾನ ಮಾಡುತ್ತಿದ್ದೆ, ಚೆಂಡು ನೆಟ್ಟಿಗೆ ಬೀಳುತ್ತಿತ್ತು. ಕೈಯ ವೇಗ ಹಾಗೇ ಇಟ್ಟು ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಲು ಶುರು ಮಾಡಿದ ಮೇಲೆ ಡಬಲ್ ಫಾಲ್ಟ್ ಅರ್ಧಕ್ಕಿಳಿದಿದೆ. ಕಾಲುಗಳ ಸೋಮಾರಿತನಕ್ಕೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ.

ಈ ಬುಧವಾರ ಒಂದೇ ಒಂದು ಪಾಯಿಂಟ್‌ಗೆ ಚೆಂಡು ಇಪ್ಪತ್ತಕ್ಕೂ ಹೆಚ್ಚು ಸಲ ಆಚೀಚೆ ಹೋಯಿತು. ಆಟದ ಬಿಡುವಿನಲ್ಲಿ ಕಾಕಾ ಎರಡು ಸಲ ನಿಂತು ನೀರು ಕುಡಿದರು. 6-4ರಿಂದ ಸೋತೆ. ಸೋತವರು ಗಿರಮಿಟ್ ಕೊಡಿಸಬೇಕೆಂಬುದು ನಮ್ಮ ನಿಯಮ. "ಇವತ್ತು ಓಡಿಸಿದಿಯಪ್ಪ, ಹಸಿವಾಗಿದೆ" ಎಂದು ಕಾಕಾ ಒಂದು ಪ್ಲೇಟ್ ಮಿರ್ಚಿಯನ್ನೂ ಹೇಳಿದರು.